ಓದುಗರ ಪ್ರಶ್ನೆ, ನಮ್ಮ ಉತ್ತರ: ವಂತಿಗೆ ಕೊಟ್ಟ ಗೇಮಿಗೆ ಬೀಗವೇಕೆ?

ಜನರಿಂದ ಮುಂಗಡವಾಗಿ ಹಣ ಸಂಗ್ರಹಿಸಿ ವಿಡಿಯೋ ಗೇಮ್ ತಯಾರಿಸುವ ಕ್ರೌಡ್‌ಫಂಡಿಂಗ್ ಪದ್ಧತಿ ಮತ್ತು ಅಂಥ ಗೇಮ್‌ಗಳಿಗೆ ನಕಲು ತಡೆಯಲೆಂದು ಹಾಕುವ ಡಿಆರ್‌ಎಂ ಎಂಬ ಬೀಗದ ಕುರಿತು ಬಂದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಎರಡು ವರ್ಷಗಳ ಹಿಂದೆ, ಇನ್ನೂ ತಯಾರಾಗದ ಒಂದು ಗೇಮಿಗೆ ನಾನು ಮತ್ತು ಹಾಸ್ಟೆಲಿನ ಗೆಳೆಯ ಸೇರಿ ಎರಡು ಸಾವಿರ ರೂಪಾಯಿ ಕೊಟ್ಟಿದ್ದೆವು. ಡಿಆರ್‌ಎಂ ಇಲ್ಲದ ಪ್ರತಿ ಕೊಡುವುದಾಗಿ ಆಗ ಬರೆದಿದ್ದರು. ಈಗ ಗೇಮ್ ಬಂದಿದೆ, ಆದರೆ ಒಂದು ಆನ್‌ಲೈನ್ ಮಳಿಗೆಯ ಕೀ (ಗೇಮ್ ಪಡೆಯುವ ಸಂಕೇತ) ಮಾತ್ರ ಕಳಿಸಿದ್ದಾರೆ. ಆ ಮಳಿಗೆಯ ಲಾಂಚರ್ ಎಂಬ ತಂತ್ರಾಂಶ ಇಲ್ಲದೆ ಗೇಮ್ ತೆರೆಯುವುದೇ ಇಲ್ಲ. ಹಣ ವಾಪಸು ಕೇಳಬಹುದೇ?
(ಇಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಕೇಳಬಹುದು, ಕೇಳಲೇಬೇಕು. ಅಂಗಡಿಯಲ್ಲಿ ಸರಕನ್ನು ಕಣ್ಣಾರೆ ನೋಡಿ ಕೊಳ್ಳುವವನಿಗೆ, ಒಪ್ಪಿಗೆಯಾಗದಿದ್ದರೆ ಬಿಟ್ಟು ಬರುವ ಅವಕಾಶವಿರುತ್ತದೆ. ನೀವಾದರೋ ಸರಕು ಹುಟ್ಟುವ ಮೊದಲೇ ಒಂದು ಮಾತನ್ನು ನಂಬಿ ಹಣ ಕೊಟ್ಟವರು. ಆ ಮಾತಿನಲ್ಲಿ ಗೇಮಿನ ಕಥೆ, ಚಿತ್ರ, ಸಂಗೀತ ಎಷ್ಟು ಮುಖ್ಯವೋ, ಯಾರ ಅಪ್ಪಣೆಯನ್ನೂ ಕಾಯದೆ ಅದು ನಿಮ್ಮ ಕಂಪ್ಯೂಟರಿನಲ್ಲಿ ತೆರೆದುಕೊಳ್ಳಬೇಕೆಂಬುದೂ ಅಷ್ಟೇ ಮುಖ್ಯವಾಗಿತ್ತು.

ನಮ್ಮ ಭಾಗದವರಿಗೆ ಈ ವ್ಯವಹಾರ ಹೊಸದಲ್ಲ. ಜಾತ್ರೆಗೆ, ಗಣಪತಿಗೆ ಪಟ್ಟಿ ಎತ್ತುವುದು ಹಾಗಿರಲಿ. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಬೆಳೆದದ್ದೇ ಚಂದಾದಾರರ ಬಲದ ಮೇಲೆ. ಪುಸ್ತಕ ಅಚ್ಚಾಗುವ ಮೊದಲೇ ಚಂದಾ ಕಟ್ಟಿದ ಓದುಗರು, ಅದು ಮನೆಗೆ ಬಂದ ಮೇಲೆ ಓದಿ, ನೆರೆಮನೆಗೆ ಎರವಲು ಕೊಟ್ಟು, ಕಪಾಟಿನಲ್ಲಿಟ್ಟು ಮೊಮ್ಮಕ್ಕಳ ಕಾಲದವರೆಗೂ ಕಾಪಾಡಿಕೊಂಡರು. ಪುಟ ತೆರೆಯುವ ಮುನ್ನ ಪ್ರಕಾಶಕರ ಅನುಮತಿ ಕೇಳುವ ಪ್ರಮೇಯವೇ ಅವರಿಗೆ ಬರಲಿಲ್ಲ. ಗೇಮ್‌ಗಳಿಗೆ ಮುಂಗಡ ಕೊಟ್ಟವರು ಬಯಸಿದ್ದೂ ಇದನ್ನೇ.

ಹೀಗೆ ವಂತಿಗೆ ಎತ್ತಲು 2009ರಲ್ಲಿ ಆರಂಭವಾದ ಇಂಟರ್ನೆಟ್ ತಾಣ ಕಿಕ್‌ಸ್ಟಾರ್ಟರ್ ಗೇಮ್‌ಗಳ ವಿಷಯದಲ್ಲಿ ದೊಡ್ಡ ಹೆಸರು ಮಾಡಿದ್ದು 2012ರ ಫೆಬ್ರವರಿಯಲ್ಲಿ. ಡಬಲ್ ಫೈನ್ ಸಂಸ್ಥೆ ಒಂದು ಸಾಹಸ ಗೇಮಿಗಾಗಿ 4 ಲಕ್ಷ ಡಾಲರ್ ಕೇಳಿದಾಗ, 87 ಸಾವಿರಕ್ಕೂ ಹೆಚ್ಚು ಜನ ಸೇರಿ 33 ಲಕ್ಷ ಡಾಲರ್‌ಗಿಂತ ಹೆಚ್ಚು ಕೊಟ್ಟರು. ಅದೇ ವರ್ಷ ಅಬ್ಸಿಡಿಯನ್ ಸಂಸ್ಥೆ 11 ಲಕ್ಷ ಕೇಳಿ ಹೆಚ್ಚುಕಡಿಮೆ 40 ಲಕ್ಷ ಡಾಲರ್ ಪಡೆಯಿತು. ದೊಡ್ಡ ಪ್ರಕಾಶನ ಸಂಸ್ಥೆಗಳ ಹಂಗು ಇಲ್ಲದ ಕಾರಣ ಬೀಗವಿಲ್ಲದ ಪ್ರತಿ ಕೊಡುವ ಸ್ವಾತಂತ್ರ್ಯ ಈ ತಂಡಗಳಿಗೆ ಇತ್ತು, ಜನ ಕೈಬಿಚ್ಚಿ ಕೊಡಲು ಅದೂ ಒಂದು ಕಾರಣವಾಗಿತ್ತು.

ಆದರೆ ಮಾತು ಕೊಡುವಷ್ಟು ಸುಲಭವಾಗಿ ಅದನ್ನು ಉಳಿಸಿಕೊಳ್ಳಲಾಗದು. ‘ಶ್ಯಾಡೋರನ್ ರಿಟರ್ನ್ಸ್’ ಎಂಬ ಗೇಮಿನ ತಯಾರಕರು 2012ರಲ್ಲಿ 18 ಲಕ್ಷ ಡಾಲರ್ ಸಂಗ್ರಹಿಸಿ, ಬೀಗವಿಲ್ಲದ ಪ್ರತಿಯ ಭರವಸೆ ಕೊಟ್ಟಿದ್ದರು. ಬಿಡುಗಡೆ ಹತ್ತಿರವಾದಾಗ ಒಂದು ತೊಡಕು ಹೊರಬಿತ್ತು. ಆ ಕಥಾಲೋಕದ ಗೇಮ್ ಹಕ್ಕು ಮೈಕ್ರೋಸಾಫ್ಟ್ ಬಳಿ ಇತ್ತು, ಮತ್ತು ಮಾರಾಟವಾಗುವ ಪ್ರತಿಗಳಿಗೆ ಡಿಆರ್‌ಎಂ ಇರಬೇಕೆಂಬುದು ಪರವಾನಗಿಯ ಷರತ್ತಾಗಿತ್ತು. ತಯಾರಕರು ಮಾತುಕತೆ ನಡೆಸಿ ವಂತಿಗೆದಾರರಿಗೆ ವಿನಾಯಿತಿ ಪಡೆದುಕೊಂಡರಾದರೂ ಮುಂದೆ ಸೇರಿಸುವ ಹೆಚ್ಚುವರಿ ಭಾಗಗಳು ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯ ಮೂಲಕವೇ ಎಂದಾಗ ಅನೇಕರು ಸಿಟ್ಟಾದರು. ತಯಾರಕರ ಮನಸ್ಸಿನಲ್ಲಿ ಕಪಟವಿತ್ತೆಂದು ನಾನು ಹೇಳುವುದಿಲ್ಲ, ಆದರೆ ಹಣ ಕೇಳುವ ಮೊದಲೇ ಪರವಾನಗಿಯ ಷರತ್ತನ್ನು ಜನರ ಮುಂದಿಡುವುದು ಅವರ ಕರ್ತವ್ಯವಾಗಿತ್ತು. 2019ರಲ್ಲಿ ‘ಫೀನಿಕ್ಸ್ ಪಾಯಿಂಟ್’ ಮತ್ತು ‘ಶೆನ್ಮೂ 3’ ಗೇಮ್‌ಗಳು ಎಪಿಕ್ ಮಳಿಗೆಗೆ ಸೀಮಿತವಾದಾಗಲೂ ಇಂಥದೇ ಸಿಟ್ಟು ಹುಟ್ಟಿತು. ಎರಡೂ ಕಡೆ, ಬೇಡವೆಂದವರಿಗೆ ಹಣ ಹಿಂತಿರುಗಿಸಲು ಒಪ್ಪಲಾಯಿತು. ತಯಾರಕರಿಗೆ ಬರೆಯುವ ಪತ್ರದಲ್ಲಿ ನೀವು ಉಲ್ಲೇಖಿಸಲು ತಕ್ಕ ಉದಾಹರಣೆ ಇದು.

ಕಿಕ್‌ಸ್ಟಾರ್ಟರ್‌ನಂಥ ತಾಣಗಳು ತಾವು ಅಂಗಡಿಯಲ್ಲವೆಂದೂ ಒಪ್ಪಂದವೇನಿದ್ದರೂ ತಯಾರಕರ ಮತ್ತು ವಂತಿಗೆದಾರರ ನಡುವಿನದೆಂದೂ ಮೊದಲಿಂದ ಹೇಳುತ್ತ ಬಂದಿವೆ. ಆದ್ದರಿಂದ ನೇರವಾಗಿ ತಯಾರಕರಿಗೇ ಬರೆಯಿರಿ. ಹಣ ಕೊಟ್ಟ ದಿನದ ಇಮೇಲ್, ಭರವಸೆಯಿದ್ದ ಪುಟದ ಸ್ಕ್ರೀನ್‌ಶಾಟ್, ಈಗ ಬಂದಿರುವ ಕೀ, ಈ ಮೂರನ್ನೂ ಜೊತೆಗಿಟ್ಟು, ಬೀಗವಿಲ್ಲದ ಇನ್‌ಸ್ಟಾಲರ್ ಕೊಡಿ, ಆಗದಿದ್ದರೆ ಹಣ ಕೊಡಿ ಎಂದು ಸ್ಪಷ್ಟವಾಗಿ ಕೇಳಿ. ಉತ್ತರ ಬರುವವರೆಗೆ ಆ ಕೀಯನ್ನು ಬಳಸಬೇಡಿ.

ಪ್ರಶ್ನೆ: ನಮ್ಮ ಊರಲ್ಲಿ ಮಳೆ ಬಂದರೆ ಕರೆಂಟೂ ಹೋಗುತ್ತದೆ, ನೆಟ್‌ವರ್ಕೂ ಹೋಗುತ್ತದೆ. ಮಗ ಒಬ್ಬನೇ ಆಡುವ ಗೇಮಿಗೂ ಇಂಟರ್ನೆಟ್ ಏಕೆ ಬೇಕು?
(ಪ್ರಾಥಮಿಕ ಶಾಲೆಯ ಶಿಕ್ಷಕಿ, ಹಾನಗಲ್ ತಾಲೂಕು)

ಉತ್ತರ: ಆಟಕ್ಕೆ ಬೇಕಾಗಿಲ್ಲ, ಬೀಗಕ್ಕೆ ಬೇಕು. ಆಡುವವನು ಹಣ ಕೊಟ್ಟವನೇ ಎಂದು ಕಂಪನಿಯ ಸರ್ವರ್ ಪ್ರತಿ ಸಲ ವಿಚಾರಿಸಿಕೊಳ್ಳುವಂತೆ ಕೆಲವು ಗೇಮ್‌ಗಳನ್ನು ಕಟ್ಟಿರುತ್ತಾರೆ. 2010ರಲ್ಲಿ ಯೂಬಿಸಾಫ್ಟ್ ಕಂಪನಿ ಈ ಕ್ರಮವನ್ನು ಜಾರಿಗೆ ತಂದಾಗ, ಸರ್ವರ್ ಮೇಲೆ ದಾಳಿ ನಡೆದು, ಹಣ ಕೊಟ್ಟವರೇ ಆಡಲಾಗದೆ ಕುಳಿತರು. 2013ರ ಮಾರ್ಚ್‌ನಲ್ಲಿ ಬಂದ ‘ಸಿಮ್‌ಸಿಟಿ’ಯ ಸರ್ವರ್‌ಗಳು ಮೊದಲ ದಿನಗಳಲ್ಲಿಯೇ ಕುಸಿದವು, ನೆಟ್ ಇಲ್ಲದೆ ಆಡುವ ಸೌಲಭ್ಯ ಬರಲು ಒಂದು ವರ್ಷ ಹಿಡಿಯಿತು.

ವಂತಿಗೆಯ ಗೇಮ್‌ಗಳಲ್ಲಿ ನನಗೆ ಹೆಚ್ಚು ನೋವು ತಂದ ಪ್ರಸಂಗ ‘ಎಲೀಟ್: ಡೇಂಜರಸ್’ನದು. 2012ರ ಕೊನೆಯಲ್ಲಿ 12.5 ಲಕ್ಷ ಪೌಂಡ್ ಕೇಳಿ 15 ಲಕ್ಷಕ್ಕಿಂತ ಹೆಚ್ಚು ಪಡೆದ ಅದರ ತಯಾರಕರು, ನೆಟ್ ಇಲ್ಲದೆ ಒಬ್ಬರೇ ಆಡಬಹುದೆಂದು ಹೇಳಿದ್ದರು. ಬಿಡುಗಡೆಗೆ ಒಂದು ತಿಂಗಳು ಇದೆ ಎನ್ನುವಾಗ, 2014ರ ನವೆಂಬರ್‌ನಲ್ಲಿ, ಆ ಸೌಲಭ್ಯವನ್ನು ಕೈಬಿಟ್ಟರು. ಗೇಮಿನ ಲೋಕವೆಲ್ಲ ಸರ್ವರ್ ಮೇಲೆಯೇ ನಡೆಯುವುದರಿಂದ ಹೀಗೆ ಮಾಡಬೇಕಾಯಿತೆಂದು ಅವರು ಹೇಳಿದರು. ತಾಂತ್ರಿಕವಾಗಿ ಅದು ಸರಿಯೇ ಇರಬಹುದು. ಆದರೆ ನಿಮ್ಮಂಥ ಊರಿನಲ್ಲಿದ್ದು, ಆ ಒಂದು ಸಾಲನ್ನು ಓದಿಯೇ ಹಣ ಕಳಿಸಿದವರಿಗೆ ಗೇಮೇ ಇಲ್ಲದಂತಾಯಿತು.

ಡಿಸ್ಕಿನ ಕಾಲದಲ್ಲಿಯೂ ಈ ಕಷ್ಟವಿತ್ತು. ಹುಬ್ಬಳ್ಳಿಯಲ್ಲಿ ನಾನು ಪೂರ್ತಿ ಬೆಲೆ ಕೊಟ್ಟು ಕೊಂಡ ಒಂದು ಗೇಮಿನ ಡಿಸ್ಕ್ ಡ್ರೈವ್‌ನಲ್ಲಿ ಇದ್ದರೆ ಮಾತ್ರ ಅದು ತೆರೆಯುತ್ತಿತ್ತು. ದಿನವೂ ಹಾಕಿ ತೆಗೆದು ಡಿಸ್ಕಿನ ಹೊಳೆಯುವ ಮೈಮೇಲೆ ಉಗುರು ಗೀಚಿದಂಥ ವೃತ್ತಾಕಾರದ ಗೆರೆ ಬಿದ್ದಿತು. ಡ್ರೈವ್ ಗರ್ ಎಂದು ಎರಡು ಮೂರು ಸಲ ತಿರುಗಿ, ನಿಂತು, ಮೂಲ ಡಿಸ್ಕ್ ಹಾಕಿರಿ ಎಂದು ಕೇಳತೊಡಗಿತು. ಮೂಲ ಡಿಸ್ಕ್ ಒಳಗೇ ಇತ್ತು. ಅದರ ನಕಲು ಮಾಡಿಟ್ಟುಕೊಳ್ಳಲು ಬೀಗ ಬಿಟ್ಟಿರಲಿಲ್ಲ. ಅದೇ ಗೇಮಿನ ಕಳ್ಳ ಪ್ರತಿ ಇದ್ದ ನೆರೆಮನೆಯ ಹುಡುಗನಿಗೆ ಯಾವ ತೊಂದರೆಯೂ ಆಗಲಿಲ್ಲ. ಬೀಗದ ಭಾರವೆಲ್ಲ ಹಣ ಕೊಟ್ಟವನ ತಲೆಯ ಮೇಲೆ ಬೀಳುತ್ತದೆ ಎಂಬುದು ನನಗೆ ಮನವರಿಕೆಯಾದದ್ದು ಅಂದೇ.

ಪ್ರಶ್ನೆ: ನಾವು ಮೂವರು ಗೆಳೆಯರು ಕನ್ನಡದಲ್ಲಿ ಒಂದು ಗೇಮ್ ಮಾಡುತ್ತಿದ್ದೇವೆ. ಅದಕ್ಕೆ ಜನರಿಂದ ವಂತಿಗೆ ಕೇಳುವ ಯೋಚನೆಯಿದೆ. ಬೀಗ ಹಾಕದಿದ್ದರೆ ಮೊದಲ ವಾರವೇ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಹೋಗಿ ನಮಗೆ ಏನೂ ಉಳಿಯುವುದಿಲ್ಲವೆಂಬ ಭಯ.
(ಸಪ್ತಾಪುರ, ಧಾರವಾಡ)

ಉತ್ತರ: ನಿಮ್ಮ ಭಯವನ್ನು ಹಗುರವಾಗಿ ಕಾಣಲಾರೆ. ಮೂರು ಜನರ ದುಡಿಮೆ ಪುಕ್ಕಟೆ ಹಂಚಿಕೆಯಾದರೆ ಆಗುವ ಸಂಕಟ ದೊಡ್ಡದು, ಮತ್ತು ಹಾಗೆ ಹಂಚುವುದು ತಪ್ಪು ಎಂದು ಈ ಅಂಕಣದಲ್ಲಿ ಎಷ್ಟು ಸಲ ಬೇಕಾದರೂ ಬರೆಯುತ್ತೇನೆ.

ಆದರೂ ಬೀಗ ಏನು ಮಾಡಬಲ್ಲದು ಎಂಬುದನ್ನು ಲೆಕ್ಕ ಹಾಕಿ ನೋಡಿ. 2014ರಿಂದ ಬಳಕೆಯಲ್ಲಿರುವ ಡೆನ್ಯೂವೊದಂಥ ದುಬಾರಿ ಬೀಗಗಳ ಮುಖ್ಯ ಉದ್ದೇಶ, ಬಿಡುಗಡೆಯಾದ ಮೊದಲ ಕೆಲವು ವಾರಗಳ ಮಾರಾಟವನ್ನು ಕಾಪಾಡುವುದು. ಕೋಟಿಗಟ್ಟಲೆ ಜಾಹೀರಾತು ಮಾಡಿದ ಗೇಮಿಗೆ ಆ ವಾರಗಳೇ ಜೀವಾಳವಾದ್ದರಿಂದ ಅವರ ಲೆಕ್ಕ ಅವರಿಗೆ ಸರಿ. ನಿಮ್ಮ ಗೇಮಿನ ಮಾರಾಟ ಬಾಯಿಂದ ಬಾಯಿಗೆ ಸುದ್ದಿ ಹರಡಿ ತಿಂಗಳುಗಟ್ಟಲೆ ನಿಧಾನವಾಗಿ ಆಗುವಂಥದು. ಕಡಿಮೆ ಖರ್ಚಿನ ಬೀಗವಂತೂ ಬೇಗ ಒಡೆಯುತ್ತದೆ, ಒಮ್ಮೆ ಯಾರೋ ಒಬ್ಬರು ಒಡೆದರೆ ಎಲ್ಲರಿಗೂ ಒಡೆದಂತೆಯೇ. 2008ರಲ್ಲಿ ‘ಸ್ಪೋರ್’ ಗೇಮಿಗೆ ಮೂರೇ ಸಲ ಆ್ಯಕ್ಟಿವೇಟ್ ಮಾಡಬಹುದೆಂಬ ಬೀಗ ಹಾಕಿದ್ದರು. ಬಿಡುಗಡೆಗೆ ಮೊದಲೇ ಕಳ್ಳ ಪ್ರತಿ ಹೊರಬಿದ್ದಿತು, ಮಿತಿಯ ಮೇಲಿನ ಸಿಟ್ಟು ಮಾತ್ರ ಕೊಂಡವರಲ್ಲಿ ಉಳಿಯಿತು. ಅದೇ 2008ರಲ್ಲಿ ಪೋಲೆಂಡಿನಲ್ಲಿ ಆರಂಭವಾದ ಜಿಒಜಿ ಮಳಿಗೆ ಬೀಗವಿಲ್ಲದ ಗೇಮ್‌ಗಳನ್ನೇ ಮಾರುತ್ತ ಇಂದಿಗೂ ನಡೆಯುತ್ತಿದೆ. ಹೀಗಿರುವಾಗ, ಮಾರಾಟವಾಗಲು ಬೀಗವಿರಲೇಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ನಿಮಗೆ ವಂತಿಗೆ ಕೊಡುವವರು ಗೇಮ್ ಬರುವ ಮೊದಲೇ ಹಣ ಕೊಟ್ಟಾಗಿರುತ್ತದೆ. ಅವರನ್ನೇ ಕಳ್ಳರೇ ಎಂದು ಪರೀಕ್ಷಿಸುವ ಬೀಗ ನನಗೆ ಸರಿಕಾಣದು. ಅವರಿಗಾದರೂ ಬೀಗವಿಲ್ಲದ ಇನ್‌ಸ್ಟಾಲರ್ ಕೊಡಿ. ಸಂಗೀತ, ಅಕ್ಷರವಿನ್ಯಾಸ, ಕಥೆ, ಹೀಗೆ ಬೇರೆಯವರ ಹಕ್ಕು ಇರುವ ಯಾವುದನ್ನಾದರೂ ಬಳಸಿದ್ದರೆ, ಆ ಒಪ್ಪಂದದ ಕಾಗದವನ್ನು ಪೂರ್ತಿ ಓದಿದ ನಂತರವೇ ಜನರಿಗೆ ಮಾತು ಕೊಡಿ. ಯಾವ ಮಳಿಗೆಯಲ್ಲಿ ಮಾರುತ್ತೀರಿ ಎಂಬುದು ಇನ್ನೂ ನಿರ್ಧಾರವಾಗಿಲ್ಲದಿದ್ದರೆ ನಿರ್ಧಾರವಾಗಿಲ್ಲವೆಂದೇ ಬರೆಯಿರಿ. ಆ ಪ್ರಾಮಾಣಿಕತೆಗಾಗಿ ಹತ್ತು ಜನ ಹಿಂದೆ ಸರಿದರೂ ಉಳಿದವರು ಕೊನೆಯವರೆಗೂ ನಿಮ್ಮ ಜೊತೆಗಿರುತ್ತಾರೆ.

ಪ್ರಶ್ನೆ: ಹಣ ಕೊಟ್ಟು ಪಡೆದ ಗೇಮಿನ ಬೀಗವನ್ನು ನಾನೇ ಒಡೆದರೆ ಅಪರಾಧವೇ?
(ಬೆಟಗೇರಿ, ಗದಗ)

ಉತ್ತರ: ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಂ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆಯುವುದನ್ನು ಅಪರಾಧವೆನ್ನುತ್ತದೆ, ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಉದ್ದೇಶ ಎಂಬ ಪದಕ್ಕೆ ಇಲ್ಲಿ ತೂಕವಿದೆ. ನ್ಯಾಯವಾಗಿ ಪಡೆದ ಸಾಫ್ಟ್‌ವೇರಿನ ಪ್ರತಿ ಕಳೆದುಹೋದೀತು, ಕೆಟ್ಟೀತು ಎಂಬ ಕಾರಣಕ್ಕೆ ಅದರ ಬ್ಯಾಕಪ್ ಇಟ್ಟುಕೊಳ್ಳಲು 52ನೆಯ ಕಲಂ ಅವಕಾಶ ಕೊಡುತ್ತದೆ. ಒಡೆದ ಪ್ರತಿಯನ್ನು ಇನ್ನೊಬ್ಬರಿಗೆ ಹಂಚಿದರೆ ಮಾತ್ರ ನಿಮ್ಮ ಪರವಾಗಿ ಹೇಳಲು ಏನೂ ಉಳಿಯದು. ಇಷ್ಟಾಗಿಯೂ, ಅಪರಿಚಿತರು ಕೊಡುವ, ಬೀಗ ಒಡೆಯುವ ಕ್ರ್ಯಾಕ್ ಫೈಲುಗಳಲ್ಲಿ ವೈರಸ್ ಇರುವುದು ಸಾಮಾನ್ಯವಾದ್ದರಿಂದ ಅವುಗಳನ್ನು ಮುಟ್ಟದಿರುವುದೇ ಲೇಸು.

ಪ್ರಶ್ನೆ: ಒಂದು ಗೇಮಿಗೆ ಬೀಗ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?
(ಬ್ಯಾಡಗಿ)

ಉತ್ತರ: ಇನ್‌ಸ್ಟಾಲ್ ಆದ ಮೇಲೆ ಮಳಿಗೆಯ ಲಾಂಚರನ್ನು ಪೂರ್ತಿ ಮುಚ್ಚಿ, ವೈಫೈ ಆರಿಸಿ, ಗೇಮಿನ ಫೋಲ್ಡರಿಗೇ ಹೋಗಿ ತೆರೆದು ನೋಡಿ. ತೆರೆದರೆ ಬಹುಮಟ್ಟಿಗೆ ಬೀಗವಿಲ್ಲ. ಸ್ಟೀಮ್‌ನಲ್ಲಿಯೂ ಹೀಗೆ ತೆರೆಯುವ ಗೇಮ್‌ಗಳಿವೆ. ಇನ್‌ಸ್ಟಾಲರ್ ಫೈಲನ್ನೇ ಪ್ರತ್ಯೇಕವಾಗಿ ಕೊಟ್ಟಿದ್ದರೆ ಅದನ್ನು ಎರಡು ಕಡೆ ಇಟ್ಟುಕೊಳ್ಳಿ. ಎರಡನೆಯ ಹಾರ್ಡ್‌ಡಿಸ್ಕ್ ಬೇರೆ ಮನೆಯಲ್ಲಿರಲಿ, ಮೇಲೆ ಗೇಮಿನ ಹೆಸರು ಮತ್ತು ತಾರೀಖು ಬರೆದ ಚೀಟಿ ಅಂಟಿಸಿರಲಿ.