ಮೂರು ಊರಿನ ಡಿಪೋಗಳಿಗೆ ಒಂದೇ ಸರ್ವರ್‌ನಿಂದ ಬಿಲ್ಲಿಂಗ್ ಸಾಫ್ಟ್‌ವೇರ್ ಓಡಿಸಬಹುದಾ? ಮಳೆಗಾಲದ ನೆಟ್ ತಡೆಯುತ್ತಾ?

ನಿಮ್ಮ ಮುಖ್ಯ ಆಫೀಸು ಚಿಕ್ಕಮಗಳೂರಿನಲ್ಲಿದೆ. ಮೂಡಿಗೆರೆ, ಕೊಪ್ಪ, ಕಳಸದಲ್ಲಿ ಕಾಫಿ, ಮೆಣಸು ಕೊಳ್ಳುವ ಡಿಪೋಗಳಿವೆ. ಡಿಪೋದವರು ವಿಪಿಎನ್ (ಇಂಟರ್‌ನೆಟ್ ಮೇಲೆ ಆಫೀಸಿಗೆ ಹಾಕಿದ ಖಾಸಗಿ ದಾರಿ) ಮೂಲಕ ಆಫೀಸಿನ ಡೇಟಾ ಫೋಲ್ಡರನ್ನೇ ತೆರೆದು ಬಿಲ್ ಹಾಕುತ್ತಾರೆ, ಎರಡು ಸಲ ಡೇಟಾ ಕೆಟ್ಟಿದೆ ಅಂತ ಬರೆದಿದ್ದೀರಿ. ಯಾರೋ ರಿಮೋಟ್‌ಆ್ಯಪ್ ಹಾಕಿಸಿ ಅಂದಿದ್ದಾರೆ, ನಮ್ಮ ಮಳೆಗೆ ಅದು ನಡೆಯುತ್ತಾ ಅನ್ನೋದು ನಿಮ್ಮ ಪ್ರಶ್ನೆ.

ನಡೆಯುತ್ತದೆ. ನೆಟ್ ಆಗಾಗ ಕೈಕೊಡುವ ಊರಿಗೆ ಅದೇ ಸರಿಯಾದ ದಾರಿ. ನಾನು ಹಾಸನದವನು. ಸಕಲೇಶಪುರ, ಮೂಡಿಗೆರೆ ಕಡೆಯ ಮಂಡಿಗಳಿಗೆ ಈ ಕೆಲಸ ಮಾಡಿಕೊಡುತ್ತೇನೆ.

ಮೊದಲು ಡೇಟಾ ಯಾಕೆ ಕೆಡುತ್ತದೆ ಅಂತ ನೋಡಿ. ಈಗ ಪ್ರೋಗ್ರಾಂ ಓಡುವುದು ಕಳಸದಲ್ಲಿ, ಫೈಲ್ ಇರುವುದು ಚಿಕ್ಕಮಗಳೂರಿನಲ್ಲಿ. ಒಂದು ಬಿಲ್ ಸೇವ್ ಮಾಡಿದರೆ ಫೈಲಿನ ಎಷ್ಟೋ ಚೂರುಗಳು ಆ ಲೈನಿನಲ್ಲಿ ಹೋಗಿ ಬರಬೇಕು. ನಡುವೆ ಲೈನ್ ಕಡಿದರೆ ಅರ್ಧ ಬರೆದದ್ದು ಅರ್ಧಕ್ಕೇ ನಿಲ್ಲುತ್ತದೆ. ರಿಮೋಟ್‌ಆ್ಯಪ್‌ನಲ್ಲಿ ಪ್ರೋಗ್ರಾಂ ಸರ್ವರ್‌ನಲ್ಲಿ, ಡೇಟಾದ ಪಕ್ಕದಲ್ಲೇ ಓಡುತ್ತದೆ. ಡಿಪೋಗೆ ಬರುವುದು ಪರದೆಯ ಚಿತ್ರ. ಅಲ್ಲಿಂದ ಹೋಗುವುದು ಕೀ ಒತ್ತಿದ್ದು, ಮೌಸ್ ಆಡಿಸಿದ್ದು. ಇಡೀ ಡೆಸ್ಕ್‌ಟಾಪ್ ಕಾಣುವುದಿಲ್ಲ, ಬಿಲ್ಲಿಂಗ್ ಕಿಟಕಿ ಮಾತ್ರ ತಮ್ಮ ಕಂಪ್ಯೂಟರಿನದೇ ಅನ್ನುವ ಹಾಗೆ ತೆರೆದುಕೊಳ್ಳುತ್ತದೆ. ಇದು ಹೊಸ ಪ್ರಯೋಗವೇನಲ್ಲ. ಪ್ರೋಗ್ರಾಂ ಸರ್ವರ್‌ನಲ್ಲಿ ಓಡಿಸಿ ಪರದೆ ಮಾತ್ರ ಕಳಿಸುವುದನ್ನು ಸಿಟ್ರಿಕ್ಸ್ ಅನ್ನುವ ಕಂಪನಿಯವರು 1995ರಲ್ಲೇ ಮಾಡಿದ್ದರು. ರಿಮೋಟ್‌ಆ್ಯಪ್ ಅನ್ನುವುದು ವಿಂಡೋಸ್ ಸರ್ವರ್ 2008ರಿಂದ ಇದೆ.

ಒಂದು ಜುಲೈ ಸಂಜೆ ಮೂಡಿಗೆರೆ ಕಡೆಯ ಡಿಪೋದಿಂದ ಫೋನ್ ಬಂತು. ಬೆಳೆಗಾರರೊಬ್ಬರ ರೋಬಸ್ಟಾ ಚೆರ್ರಿ ತೂಕ ನಡೆಯುತ್ತಿತ್ತು. ಬಿಲ್ ಹಾಕುವ ಹುಡುಗಿ 22 ಸಾಲು ತುಂಬಿಸಿ, 23ನೆಯ ಚೀಲದ ತೂಕ ಹೊಡೆಯುತ್ತಿದ್ದಳು. ಅಷ್ಟರಲ್ಲಿ ಎಲ್ಲೋ ಮರ ಬಿದ್ದು ಫೈಬರ್ ತುಂಡಾಯಿತು. ‘ಸರ್, ಅಷ್ಟೂ ಹೊಡೆದಿದ್ದೆ, ಎಲ್ಲಾ ಹೋಯ್ತಾ?’ ಅಂದಳು. ದನಿ ನಡುಗುತ್ತಿತ್ತು. ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಮತ್ತೆ ತೆಗೆಯಮ್ಮ ಅಂದೆ. ಕಿಟಕಿ ತೆರೆದಾಗ 23ನೆಯ ಸಾಲಿನ ತೂಕದ ಜಾಗದಲ್ಲಿ ಅವಳು ಅರ್ಧ ಹೊಡೆದಿದ್ದ ‘4’ ಹಾಗೇ ಇತ್ತು. ಪಕ್ಕದಲ್ಲಿ ಕರ್ಸರ್ ಮಿನುಗುತ್ತಿತ್ತು. ಲೈನ್ ಹೋದರೂ ಸರ್ವರ್‌ನಲ್ಲಿ ಅವಳ ಕೆಲಸ ತೆರೆದೇ ಇತ್ತು, ಅಷ್ಟೇ. ಮುಂದಿನ ಕೀ ಒತ್ತಿ ಬಿಲ್ ಮುಗಿಸಿದಳು.

ಸ್ಪೀಡ್ ಟೆಸ್ಟಿನ ದೊಡ್ಡ ಸಂಖ್ಯೆ ನೋಡಿ ಖುಷಿಪಡಬೇಡಿ. ಇಲ್ಲಿ ಮುಖ್ಯ ಪಿಂಗ್, ಅಂದರೆ ಸಂದೇಶ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಹೊತ್ತು. ಅದು 50-60 ಮಿಲಿಸೆಕೆಂಡ್ ಇದ್ದರೆ ದೂರದ ಕಂಪ್ಯೂಟರ್ ಅಂತ ಗೊತ್ತೂ ಆಗುವುದಿಲ್ಲ. 200 ದಾಟಿದರೆ ಒತ್ತಿದ ಅಕ್ಷರ ತಡವಾಗಿ ಮೂಡುತ್ತದೆ, ಕೆಲಸ ಮಾಡುವವರಿಗೆ ಬೇಜಾರಾಗುತ್ತದೆ.

ನಿಜವಾದ ತಲೆನೋವು ಪ್ರಿಂಟರ್. ನಿಮ್ಮಲ್ಲಿ ತೂಕದ ಚೀಟಿಗೆ ಡಾಟ್ ಮ್ಯಾಟ್ರಿಕ್ಸ್ ಇರಬೇಕು, ಅಲ್ವಾ? ವಿಂಡೋಸ್ ತಾನಾಗಿಯೇ ಈಸಿ ಪ್ರಿಂಟ್ ಅನ್ನುವ ಡ್ರೈವರ್ ಹಿಡಿಯುತ್ತದೆ. ಲೇಸರ್‌ಗೆ ಅದು ಚೆನ್ನ. ಡಾಟ್ ಮ್ಯಾಟ್ರಿಕ್ಸ್‌ಗೆ ಇಡೀ ಚೀಟಿಯನ್ನು ಚಿತ್ರವಾಗಿ ಕಳಿಸುವುದರಿಂದ ಒಂದೊಂದು ಸಾಲಿಗೂ ಗರಗರ ಅಂತ ಹೊತ್ತು ಹಿಡಿಯುತ್ತದೆ, ಅಕ್ಷರವೂ ಮಂಕು. ಸರ್ವರ್‌ನ ಗ್ರೂಪ್ ಪಾಲಿಸಿ ಅನ್ನುವ ಸೆಟ್ಟಿಂಗ್‌ನಲ್ಲಿ ಈಸಿ ಪ್ರಿಂಟ್‌ಗೆ ಮೊದಲ ಆದ್ಯತೆ ಕೊಡುವುದನ್ನು ತೆಗೆಯಿರಿ. ಪ್ರಿಂಟರಿನ ಸ್ವಂತ ಡ್ರೈವರನ್ನು ಸರ್ವರ್‌ನಲ್ಲೂ ಡಿಪೋದಲ್ಲೂ ಒಂದೇ ಹೆಸರಿನದ್ದು ಹಾಕಿ.

ಕನ್ನಡವೂ ಹಾಗೇ. ಬೆಳೆಗಾರರ ಹೆಸರು ಕನ್ನಡದಲ್ಲಿ ಹೊಡೆಯುತ್ತೀರಾದರೆ ಟೈಪಿಂಗ್ ಸಾಫ್ಟ್‌ವೇರ್ ‘ನುಡಿ’ಯೋ ‘ಬರಹ’ವೋ, ಅದರ ಫಾಂಟ್ ಸಮೇತ ಸರ್ವರ್‌ನಲ್ಲೇ ಇರಬೇಕು. ಡಿಪೋದ ಕಂಪ್ಯೂಟರಿನಲ್ಲಿ ಇದ್ದರೆ ಪ್ರಯೋಜನವಿಲ್ಲ. ಅಕ್ಷರ ಮೂಡುವ ಜಾಗ ಸರ್ವರ್ ತಾನೇ?

ಲೈಸೆನ್ಸ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ವಿಂಡೋಸ್ ಸರ್ವರ್ ಕೊಂಡ ಮಾತ್ರಕ್ಕೆ ಎಲ್ಲರೂ ಕೂರುವ ಹಾಗಿಲ್ಲ. ಅದರಲ್ಲಿ ಬರುವ ಎರಡು ರಿಮೋಟ್ ಸೆಷನ್ ಸರ್ವರ್ ನೋಡಿಕೊಳ್ಳುವವರಿಗೆ. ಉಳಿದವರಿಗೆ ಆರ್‌ಡಿಎಸ್ ಕ್ಯಾಲ್, ಅಂದರೆ ರಿಮೋಟ್‌ನಲ್ಲಿ ಕೆಲಸ ಮಾಡಲು ಪ್ರತ್ಯೇಕ ಲೈಸೆನ್ಸ್ ಬೇಕು. ಅದಿಲ್ಲದೆ 120 ದಿನ ಓಡುತ್ತದೆ, ಆಮೇಲೆ ಬಾಗಿಲು ಹಾಕಿಕೊಳ್ಳುತ್ತದೆ. ಸುಗ್ಗಿಯ ನಡುವೆ ಹಾಗಾದರೆ ಗತಿ ಏನು? ನಿಮ್ಮಲ್ಲಿ ಡೊಮೇನ್ (ಎಲ್ಲರ ಲಾಗಿನ್ ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲದಿದ್ದರೆ ಯೂಸರ್ ಲೆಕ್ಕದ್ದು ಬೇಡ, ಡಿವೈಸ್ ಲೆಕ್ಕದ್ದು ತಗೊಳ್ಳಿ. ಸಾಮಾನ್ಯ ವಿಂಡೋಸ್‌ಗೆ ಪ್ಯಾಚ್ ಹಾಕಿ ಐದು ಜನರನ್ನು ಕೂರಿಸಿಕೊಡುತ್ತೇನೆ ಅನ್ನುವವರು ಬರುತ್ತಾರೆ. ಒಪ್ಪಬೇಡಿ. ಲೈಸೆನ್ಸ್ ಪ್ರಕಾರ ಅದು ತಪ್ಪು, ಮುಂದಿನ ಅಪ್‌ಡೇಟ್‌ಗೆ ನಿಂತೂ ಹೋಗಬಹುದು.

ಇನ್ನೊಂದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ರೂಟರಿನಲ್ಲಿ ರಿಮೋಟ್ ಸೆಷನ್‌ಗಳು ಒಳಬರುವ ಬಾಗಿಲಾದ 3389 ಪೋರ್ಟನ್ನು ಹೊರಗಿನ ಇಂಟರ್‌ನೆಟ್‌ಗೆ ತೆರೆಯಬೇಡಿ. ಒಂದು ಮಂಡಿಯಲ್ಲಿ ಹಾಗೆ ತೆರೆದಿಟ್ಟಿದ್ದರು. ಸೆಕ್ಯೂರಿಟಿ ಲಾಗ್ ತೆಗೆದರೆ ಪುಟಗಟ್ಟಲೆ 4625, ಅಂದರೆ ಸೋತ ಲಾಗಿನ್. ‘ಅಡ್ಮಿನ್’, ‘ಟೆಸ್ಟ್’, ‘ಅಕೌಂಟ್ಸ್’ ಅಂತ ಯಾರೋ ರಾತ್ರಿಯಿಡೀ ಒಂದೊಂದೇ ಹೆಸರು ಹಾಕಿ ಬಾಗಿಲು ತಳ್ಳುತ್ತಿದ್ದರು. ಪೋರ್ಟ್ ನಂಬರ್ ಬದಲಾಯಿಸಿದರೂ ಹುಡುಕಿಕೊಂಡು ಬರುತ್ತಾರೆ. ನಿಮ್ಮಲ್ಲಿ ವಿಪಿಎನ್ ಈಗಾಗಲೇ ಇದೆ, ಅದನ್ನು ಇಟ್ಟುಕೊಂಡು ಅದರ ಒಳಗೇ ರಿಮೋಟ್‌ಆ್ಯಪ್ ಓಡಿಸಿ. ಹಳೇ ಸರ್ವರ್ 2008 ಆರ್2 ಅಗ್ಗಕ್ಕೆ ಸಿಗುತ್ತದೆ ಅಂತ ಹಾಕಿಸಬೇಡಿ. ಪಾಸ್‌ವರ್ಡ್ ಇಲ್ಲದೆಯೂ ನುಗ್ಗಬಹುದಾದ ಬ್ಲೂಕೀಪ್ ಅನ್ನುವ ತೂತು 2019ರಲ್ಲಿ ಸಿಕ್ಕಿದ್ದು ಅದರಲ್ಲೂ ಇತ್ತು.

ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಇರುವುದರಿಂದ ಅದು ಮಲಗಿದರೆ ಮೂರೂ ಡಿಪೋ ಮಲಗುತ್ತವೆ. ಹಾಗಾಗಿ ಆಫೀಸಿಗೆ ಬೇರೆ ಬೇರೆ ಕಂಪನಿಯ ಎರಡು ಲೈನ್, ಒಳ್ಳೆಯ ಯುಪಿಎಸ್, ದಿನದಿನದ ಬ್ಯಾಕಪ್ಪಿನ ಒಂದು ಪ್ರತಿ ಆಫೀಸಿನ ಹೊರಗೆ. ಇದರಲ್ಲಿ ಜಿಪುಣತನ ಬೇಡ.

ಮೂರೂ ಕಡೆ ಒಟ್ಟಿಗೆ ಹಾಕಿಸಬೇಡಿ. ಮೂಡಿಗೆರೆ ನಿಮಗೆ 30 ಕಿಲೋಮೀಟರ್, ತೊಂದರೆಯಾದರೆ ಹೋಗಿ ಬರಬಹುದು. ಅಲ್ಲಿ ಹದಿನೈದು ದಿನ ನಿಜವಾದ ಬಿಲ್ ಹಾಕಿಸಿ ನೋಡಿ, ಕಳಸ ಕೊನೆಗೆ ಇರಲಿ. ಡಿಪೋದ ಪ್ರಿಂಟರ್ ಮಾಡೆಲ್, ಬಳಸುವ ಕನ್ನಡ ಫಾಂಟ್ ಹೆಸರು ಇಲ್ಲೇ ಬರೆಯಿರಿ. ಡ್ರೈವರ್ ಯಾವುದು ಹಾಕಬೇಕು ಅಂತ ನೋಡಿ ಹೇಳುತ್ತೇನೆ.