ಮರಿಯಾನೋ ರಿವೆರಾ ಅವರ ಫೀಲ್ಡಿಂಗನ್ನು ಇತರ ಪಿಚರ್‌ಗಳೊಂದಿಗೆ ಹೋಲಿಸುವುದು ಹೇಗೆ?

ಬೇಸ್‌ಬಾಲ್‌ನಲ್ಲಿ ಬ್ಯಾಟರ್‌ಗೆ ಚೆಂಡೆಸೆಯುವ ಆಟಗಾರನೇ ಪಿಚರ್; ಪಂದ್ಯದ ನಡುವೆ ಅವನ ಬದಲಿಗೆ ಬರುವವನು ರಿಲೀಫ್ ಪಿಚರ್. 2013ರವರೆಗೆ ನ್ಯೂಯಾರ್ಕ್ ಯಾಂಕೀಸ್ ತಂಡದ ರಿಲೀಫ್ ಪಿಚರ್ ಆಗಿದ್ದ ರಿವೆರಾ ಅವರ ಫೀಲ್ಡಿಂಗ್ ಸರಾಸರಿಯನ್ನು, ಉತ್ತಮ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಯನ್ನು 18 ಬಾರಿ ಗೆದ್ದ ಗ್ರೆಗ್ ಮ್ಯಾಡಕ್ಸ್ ಅವರಂಥ ಆರಂಭಿಕ ಪಿಚರ್‌ಗಳ ಒಂದೇ ಋತುವಿನ ಅಂಕಿಯ ಪಕ್ಕದಲ್ಲಿಟ್ಟು ತೀರ್ಪು ಕೊಡುವುದು ನ್ಯಾಯವಲ್ಲ. ಪುಟ್‌ಔಟ್ (ತಾನೇ ಔಟ್ ಮಾಡಿದ್ದು) ಮತ್ತು ಅಸಿಸ್ಟ್‌ಗಳ (ಜೊತೆಗಾರ ಔಟ್ ಮಾಡಲು ನೆರವಾದದ್ದು) ಮೊತ್ತವನ್ನು, ಎರರ್‌ಗಳನ್ನೂ (ಫೀಲ್ಡಿಂಗ್ ತಪ್ಪುಗಳನ್ನೂ) ಸೇರಿಸಿಕೊಂಡ ಒಟ್ಟು ಅವಕಾಶಗಳಿಂದ ಭಾಗಿಸಿದಾಗ ಈ ಸರಾಸರಿ ಸಿಗುತ್ತದೆ. ರಿಲೀಫ್ ಪಿಚರ್ ಋತುವೊಂದರಲ್ಲಿ ಸುಮಾರು 70 ಇನಿಂಗ್ಸ್ ಮಾತ್ರ ಎಸೆಯುವುದರಿಂದ ಅವರತ್ತ ಬರುವ ಚೆಂಡುಗಳೇ ಕಡಿಮೆ. ಉದಾಹರಣೆಗೆ, 15 ಅವಕಾಶಗಳಲ್ಲಿ ಒಂದು ತಪ್ಪಾದರೆ ಸರಾಸರಿ .933ಕ್ಕೆ ಇಳಿಯುತ್ತದೆ, 50ರಲ್ಲಿ ಒಂದು ತಪ್ಪಾದರೆ .980 ಉಳಿಯುತ್ತದೆ.

2001ರ ವರ್ಲ್ಡ್ ಸೀರೀಸ್‌ನ (ಅಮೆರಿಕದ ಬೇಸ್‌ಬಾಲ್ ಲೀಗ್‌ನ ಅಂತಿಮ ಸರಣಿ) ಏಳನೆಯ ಪಂದ್ಯದ ಒಂಬತ್ತನೆಯ ಇನಿಂಗ್ಸ್, ಒಂದೇ ತಪ್ಪು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದಕ್ಕೆ ಕಣ್ಣಿಗೆ ಕಟ್ಟುವ ನಿದರ್ಶನ. ಎದುರಾಳಿ ಬ್ಯಾಟರ್ ಡೇಮಿಯನ್ ಮಿಲ್ಲರ್ ಬಂಟ್ ಮಾಡಿದ (ಬ್ಯಾಟ್ ಬೀಸದೆ ಮೆಲ್ಲನೆ ತಟ್ಟಿದ) ಚೆಂಡನ್ನು ರಿವೆರಾ ಎರಡನೆಯ ಬೇಸ್‌ಗೆ ಎಸೆದಾಗ ಅದು ಗುರಿ ತಪ್ಪಿ ಸೆಂಟರ್ ಫೀಲ್ಡ್‌ನತ್ತ ಉರುಳಿತು. ಮರುಕ್ಷಣವೇ ಮುಂದಿನ ಬ್ಯಾಟರ್ ಜೇ ಬೆಲ್ ಅವರ ಬಂಟ್ ಹಿಡಿದು ರಿವೆರಾ ಮೂರನೆಯ ಬೇಸ್‌ಗೆ ಎಸೆದು, ಅಲ್ಲಿಗೆ ಓಡುತ್ತಿದ್ದ ಆಟಗಾರನನ್ನು ಔಟ್ ಮಾಡಿಸಿದರು. ಜನರ ನೆನಪಿನಲ್ಲಿ ಉಳಿದದ್ದು ಮೊದಲನೆಯದು ಮಾತ್ರ, ಅದು ನನಗೆ ಇಂದಿಗೂ ಬೇಸರದ ಸಂಗತಿ. ಆದ್ದರಿಂದ ಹೋಲಿಕೆಗೆ ಹಲವು ಋತುಗಳ ಅಂಕಿಗಳನ್ನು ಒಟ್ಟುಗೂಡಿಸಿ, ರಿವೆರಾ ಎಸೆದಷ್ಟೇ ಇನಿಂಗ್ಸ್ ಎಸೆದ ರಿಲೀಫ್ ಪಿಚರ್‌ಗಳನ್ನೇ ಆರಿಸಿಕೊಳ್ಳಬೇಕು.