ಕೊರೊನಾದಲ್ಲಿ ಹೋದ ಬೇಸಿಗೆ ರಜೆ ತುಂಬಿಕೊಡಲು, ಮಾವನವರ ಕಣ್ಣಿನ ಆಪರೇಷನ್ ಮುಂದಕ್ಕೆ ಹಾಕಿ ಪ್ರವಾಸ ಹೋಗಬಹುದಾ?

ಮುಂದಕ್ಕೆ ಹಾಕಬೇಡಿ. ಮೊದಲು ಆಪರೇಷನ್ ಮಾಡಿಸಿ.

"ಮಗನಿಗೆ ಎರಡು ಬೇಸಿಗೆ ಮನೆಯಲ್ಲೇ ಕಳೆದುಹೋಯ್ತು, ಈ ಸಲವಾದರೂ ಕಾಶ್ಮೀರವೋ ಕೇರಳವೋ ತೋರಿಸಬೇಕು, ಮಾವನವರ ಪೊರೆ ಆಪರೇಷನ್ ವಾಪಸ್ ಬಂದಮೇಲೆ ಮಾಡಿಸಿದರಾಯ್ತು" ಅಂತ ಬರೆದಿದ್ದೀರಿ. ಇದೇ ಮಾತನ್ನು 2021ರ ಮಾರ್ಚ್‌ನಲ್ಲಿ ನಾನು ನಮ್ಮ ಅಡುಗೆಮನೆಯಲ್ಲಿ ನಿಂತು ಆಡಿದ್ದೆ. ನನ್ನದು ಪೊರೆಯಲ್ಲ, ಲಸಿಕೆ. ಮಾವ ಅಲ್ಲ, ಅತ್ತೆ.

ನಾವು ಮೈಸೂರಿನವರು. ನಮ್ಮನೆಯವರದು ಮದುವೆ ಕಾರ್ಡ್ ಪ್ರಿಂಟ್ ಮಾಡುವ ಚಿಕ್ಕ ಅಂಗಡಿ. 2020ರಲ್ಲಿ ಮಗಳಿಗೆ ಒಂಬತ್ತು, ಮಗನಿಗೆ ಆರು ವರ್ಷ. ಆ ವರ್ಷ ಯುಗಾದಿ ಬಿದ್ದಿದ್ದೇ ಮಾರ್ಚ್ 25ಕ್ಕೆ, ದೇಶವೆಲ್ಲ ಬಂದ್ ಆದ ಮೊದಲ ದಿನ. ಹೊಸ ಬಟ್ಟೆ ಇಲ್ಲ, ನೆಂಟರಿಲ್ಲ. ಬೇವಿನ ಸೊಪ್ಪು ಮಾತ್ರ ಗೇಟಿನ ಮುಂದಿನ ಮರದಲ್ಲೇ ಇತ್ತು. ಏಪ್ರಿಲ್, ಮೇ ಎರಡೇ ತಿಂಗಳಲ್ಲಿ ನಮ್ಮ ಅಂಗಡಿಗೆ ಅರ್ಧ ವರ್ಷದ ದುಡಿಮೆ. ಅದು ಪೂರ್ತಿ ನಿಂತುಹೋಯಿತು. ಅಚ್ಚು ಹಾಕಿಟ್ಟಿದ್ದ ಕಾರ್ಡುಗಳ ಮದುವೆಗಳೆಲ್ಲ ಮುಂದಕ್ಕೆ ಹೋದವು. ಬಾಕಿ ಹಣ ಕೇಳುವುದು ಯಾರನ್ನ? ಅವರ ಮನೆಯಲ್ಲೂ ಅದೇ ಪರದಾಟ.

ಮಕ್ಕಳು ಒಂದು ವಾರ ಟಿವಿ ನೋಡಿದರು, ಒಂದು ವಾರ ಜಗಳ ಆಡಿದರು. ಮೂರನೇ ವಾರ ಅತ್ತೆ ಎದ್ದರು. "ಇಷ್ಟು ಒಳ್ಳೆ ಬಿಸಿಲು. ಸುಮ್ನೆ ಯಾಕೆ ಬಿಡ್ತೀರಿ?" ಅಂದರು.

ನಮ್ಮದು ಎರಡು ಮನೆ ಇರುವ ಕಟ್ಟಡ. ನಾವು ಕೆಳಗೆ. ತಾರಸಿಗೆ 34 ಮೆಟ್ಟಿಲು. ಅತ್ತೆ ಬೆಳಗಿನ ಜಾವ ಐದಕ್ಕೆ ಎದ್ದು ಸಬ್ಬಕ್ಕಿ ಗಂಜಿ ಕಾಯಿಸಿ, ಉಪ್ಪು, ಅರೆದ ಹಸಿಮೆಣಸಿನಕಾಯಿ, ಇಂಗು ಹಾಕಿ ಪಾತ್ರೆ ಹೊತ್ತು ಮೇಲೆ ಹತ್ತುವರು. ಹಿಂದೆ ಹಳೇ ಪಂಚೆ ಹಿಡಿದುಕೊಂಡು ಮಕ್ಕಳು. ಸೂರ್ಯ ಮೇಲೆ ಬರುವುದರೊಳಗೆ ಚಮಚದಲ್ಲಿ ಸಂಡಿಗೆ ಇಟ್ಟು ಮುಗಿಸಬೇಕು. ಕಾಗೆ ಓಡಿಸೋಕೆ ಒಂದು ಕರಿ ಕೊಡೆ. ಸಾಯಂಕಾಲದ ಹೊತ್ತಿಗೆ ಮೇಲೆ ಒಣಗಿ ಒಳಗೆ ಮೆತ್ತಗಿರುವ ಸಂಡಿಗೆ ಇರುತ್ತಲ್ವಾ, ಅದನ್ನು ಮಕ್ಕಳು ಎಷ್ಟು ತಿಂದರೆಂದರೆ ಡಬ್ಬಿಗೆ ಹೋಗಿದ್ದೇ ಅರ್ಧ.

ಬಿಸಿಲು ಇಳಿದ ಮೇಲೆ ಚಾಪೆ, ಮೊಸರನ್ನ, ಮಾವಿನಕಾಯಿ ಚಿತ್ರಾನ್ನ ತಗೊಂಡು ಎಲ್ಲರೂ ಮೇಲೆ. ಆ ತಾರಸಿಯ ಮೂಲೆಗಳಿಗೆ ಮಕ್ಕಳು ಹೆಸರಿಟ್ಟರು. ನೀರಿನ ಟ್ಯಾಂಕಿನ ನೆರಳು ಮಡಿಕೇರಿ. ಟ್ಯಾಂಕ್ ತುಂಬಿ ಪೈಪಿನಿಂದ ನೀರು ಸುರಿಯುವ ಜಾಗ ಜೋಗ. ಬರಿಗಾಲು ಇಡೋಕಾಗದ ಆಚೆ ಬದಿ ರಾಯಚೂರು. "ಅಜ್ಜಿ, ಇವತ್ತು ಎಲ್ಲಿಗೆ?" ಅಂತ ಮಗ ಕೇಳುವನು. ಅತ್ತೆ ಒಂದು ಊರು ಹೇಳುವರು. ಆ ಮೂಲೆಯಲ್ಲಿ ಚಾಪೆ. ದೂರದಲ್ಲಿ ಚಾಮುಂಡಿ ಬೆಟ್ಟದ ದೀಪಗಳು. ಬೆಟ್ಟಕ್ಕೆ ಹೋಗುವಂತಿಲ್ಲ, ಮೃಗಾಲಯಕ್ಕೆ ಬೀಗ. ಅತ್ತೆ ಮಾತ್ರ ದಿನಾ ಅಲ್ಲಿಂದಲೇ ಕೈಮುಗಿದು ಇಳಿಯುವರು.

ಜೂನ್ 21ರ ಗ್ರಹಣವನ್ನೂ ಅಲ್ಲೇ ನೋಡಿದೆವು. ಮೋಡದ ಮಧ್ಯೆ ಬಿಸಿಲು ಬಿದ್ದಾಗ ಮಗಳು ಜರಡಿ ಹಿಡಿದಳು. ನೆಲದ ಮೇಲೆ ಒಂದೊಂದು ತೂತಿಗೂ ಒಂದೊಂದು ಕಚ್ಚಿದ ಸೂರ್ಯ. ಗ್ರಹಣದಲ್ಲಿ ಹೊರಗೆ ಬರಲ್ಲ ಅಂತ ಕೂತಿದ್ದ ಅತ್ತೆ ಮಕ್ಕಳ ಕೂಗು ಕೇಳಿ ಮೆಟ್ಟಿಲು ಹತ್ತಿ ಬಂದರು.

ಇಷ್ಟೆಲ್ಲ ನಡೆಯುತ್ತಿದ್ದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಪಾಪ, ಮಕ್ಕಳ ರಜೆ ಹಾಳಾಯ್ತು. ವಾಟ್ಸಾಪಿನಲ್ಲಿ ಗೆಳತಿಯರೂ ಅದನ್ನೇ ಬರೆಯುತ್ತಿದ್ದರು. 2021ರ ಫೆಬ್ರವರಿಯಲ್ಲಿ ಕೇಸು ಕಮ್ಮಿಯಾದವು, ಅಂಗಡಿಗೆ ಕೆಲಸ ಬಂತು. ನಾನು ಹಟ ಹಿಡಿದೆ. ಯುಗಾದಿಗೆ ಮುಂಚೆ ನಾಲ್ಕು ದಿನ ಉಡುಪಿ, ಮಲ್ಪೆ, ಮುರ್ಡೇಶ್ವರ. ಏಪ್ರಿಲ್ 9ಕ್ಕೆ ಹೊರಡುವುದು, 12ಕ್ಕೆ ವಾಪಸ್. ರೂಮಿಗೆ ಮುಂಗಡ ಕಟ್ಟಿದೆ.

ಈಗ ಆ ತಪ್ಪಿನ ವಿಷಯ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ. ನಾಲ್ಕು ತಾರೀಕುಗಳನ್ನು ನಾನು ಎಷ್ಟು ಸಲ ಲೆಕ್ಕ ಹಾಕಿದ್ದೇನೋ ನನಗೇ ಗೊತ್ತಿಲ್ಲ.

ಮಾರ್ಚ್ 1ರಿಂದ 60 ದಾಟಿದವರಿಗೆಲ್ಲ ಲಸಿಕೆ ಶುರುವಾಗಿತ್ತು. ಸರ್ಕಾರಿ ಕೇಂದ್ರದಲ್ಲಿ ಉಚಿತ, ಖಾಸಗಿಯಲ್ಲಿ 250 ರೂಪಾಯಿ. ಅತ್ತೆಗೆ ಆಗ 63. ಶಿವರಾತ್ರಿಯ ಮರುದಿನ, ಮಾರ್ಚ್ 12ರ ಶುಕ್ರವಾರ, ಮೇಲಿನ ಮನೆಯ ಆಂಟಿ ಬಂದು "ನಾನು ಹೋಗ್ತಿದೀನಿ, ನೀವೂ ಬನ್ನಿ" ಅಂದರು. ಅತ್ತೆ ಸೀರೆ ಬದಲಿಸಿ, ಆಧಾರ್ ಕಾರ್ಡ್ ಪರ್ಸಿನಲ್ಲಿ ಇಟ್ಟುಕೊಂಡು, ಚಪ್ಪಲಿ ಮೆಟ್ಟಿ ನಿಂತಿದ್ದರು. ನಾನು ಕ್ಯಾಲೆಂಡರ್ ನೋಡಿದೆ. ಎರಡನೇ ಡೋಸ್ 28 ದಿನಕ್ಕೆ ಅಂತ ಆಗ ಹೇಳುತ್ತಿದ್ದರು. ಮಾರ್ಚ್ 12ಕ್ಕೆ 28 ಸೇರಿಸಿದರೆ ಏಪ್ರಿಲ್ 9. ನಾವು ಹೊರಡುವ ದಿನವೇ! ಆಂಟಿಯ ಅಕ್ಕನಿಗೆ ಎರಡು ದಿನ ಜ್ವರ ಬಂದಿತ್ತು ಬೇರೆ. ಕಾರಿನಲ್ಲಿ ಘಾಟಿ ಇಳಿಯುವಾಗ ಅತ್ತೆಗೆ ಜ್ವರ ಬಂದರೆ ಏನು ಗತಿ ಅನ್ನಿಸಿತು. "ಅತ್ತೆ, ಟ್ರಿಪ್ ಮುಗಿಸಿ ಬಂದು ಎರಡೂ ಡೋಸ್ ನೆಮ್ಮದಿಯಾಗಿ ಹಾಕಿಸೋಣ" ಅಂದೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು.

ಎರಡನೇ ಡೋಸನ್ನು ನಾಲ್ಕು ದಿನ ತಡವಾಗಿ ತಗೊಂಡರೆ ಏನೂ ಆಗುತ್ತಿರಲಿಲ್ಲ. ಒಬ್ಬರನ್ನು ಕೇಳಿದ್ದರೆ ಗೊತ್ತಾಗುತ್ತಿತ್ತು, ನಾನು ಕೇಳಲಿಲ್ಲ. ಹತ್ತು ದಿನಕ್ಕೆ, ಮಾರ್ಚ್ 22ಕ್ಕೆ, ಕೋವಿಶೀಲ್ಡ್ ಲಸಿಕೆಯ ಎರಡು ಡೋಸ್ ನಡುವಿನ ಅಂತರವನ್ನು ಕೇಂದ್ರ ಸರ್ಕಾರವೇ 8 ವಾರದವರೆಗೆ ಏರಿಸಿತು. ಅಂದರೆ ನಾನು ಹೆದರಿದ ಆ ತಾರೀಕುಗಳ ಡಿಕ್ಕಿ ಇರಲೇ ಇಲ್ಲ. ಅದನ್ನು ಪೇಪರಿನಲ್ಲಿ ಓದಿದೆ. ಆಗಲಾದರೂ ಕರೆದುಕೊಂಡು ಹೋಗಬಹುದಿತ್ತು. "ಹೇಗೂ ಬಂದಮೇಲೆ ಅಂತ ತೀರ್ಮಾನ ಆಗಿದೆಯಲ್ಲ" ಅಂತ ಪುಟ ತಿರುವಿದೆ. ಮೊದಲ ಡೋಸ್ ಒಂದೇ ಆದರೂ ಎರಡು ಮೂರು ವಾರಕ್ಕೆ ಮೈಗೆ ಒಂದಿಷ್ಟು ಬಲ ಕೊಡುತ್ತೆ. ಮಾರ್ಚ್ 12ರಂದು ಹಾಕಿಸಿದ್ದರೆ ಏಪ್ರಿಲ್ 9ಕ್ಕೆ ನಾಲ್ಕು ವಾರ ತುಂಬಿರುತ್ತಿತ್ತು. ಜ್ವರ ಬಂದಿದ್ದರೂ ಮಾರ್ಚ್ 14ಕ್ಕೆ ಹೋಗಿರುತ್ತಿತ್ತು.

ಪ್ರವಾಸದ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಸಾರಿಗೆ ಬಸ್ ಮುಷ್ಕರ ಇತ್ತು, ಬಾಡಿಗೆ ಕಾರಿಗೆ ದುಪ್ಪಟ್ಟು ಕೊಟ್ಟೆವು. ಏಪ್ರಿಲ್ 10ರ ರಾತ್ರಿಯಿಂದ ಉಡುಪಿ, ಮಣಿಪಾಲ, ಮೈಸೂರು ಎಲ್ಲ ಕಡೆ ರಾತ್ರಿ ಕರ್ಫ್ಯೂ. ಮಲ್ಪೆಯಲ್ಲಿ ಜನವೋ ಜನ, ಅರ್ಧ ಜನರ ಮಾಸ್ಕ್ ಗಲ್ಲದ ಮೇಲೆ. ಊಟದ ಹಾಲಿನಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಿದ್ದರು. ಅಲ್ಲೇ ಹತ್ತಿತೋ ಬೇರೆಲ್ಲೋ, ಹೇಳೋಕಾಗಲ್ಲ.

ಯುಗಾದಿ ಕಳೆದು ನಾಲ್ಕನೇ ದಿನ ಬೆಳಗ್ಗೆ ಅತ್ತೆ ಡಿಕಾಕ್ಷನ್ ಮೂಸಿ, "ಕಾಫಿಪುಡಿ ಬದಲಾಯಿಸಿದ್ಯಾ? ಘಮವೇ ಇಲ್ಲ" ಅಂದರು. ಪುಡಿ ಅದೇ ಇತ್ತು. ಐವರಿಗೂ ಬಂತು. ಮಕ್ಕಳಿಗೆ ಒಂದು ದಿನದ ಜ್ವರ, ನಮಗೆ ಒಂದು ವಾರ. ಅತ್ತೆಗೆ ಮಾತ್ರ ಬೆರಳಿಗೆ ಹಾಕುವ ಆಕ್ಸಿಮೀಟರ್ ಏಪ್ರಿಲ್ 24ಕ್ಕೆ 88 ತೋರಿಸಿತು. 94ರ ಕೆಳಗಿಳಿದರೆ ತಡ ಮಾಡಬಾರದು ಅಂತ ಅಷ್ಟರಲ್ಲಿ ಎಲ್ಲರಿಗೂ ಬಾಯಿಪಾಠ ಆಗಿತ್ತು. ಹಾಸಿಗೆ ಸಿಗೋಕೆ ಆರು ಗಂಟೆ ಸುತ್ತಿದೆವು. ಹನ್ನೊಂದು ದಿನ ಆಮ್ಲಜನಕದ ಮೇಲೆ, ಬೋರಲು ಮಲಗಿಕೊಂಡು. ಮೇ 3ರ ಬೆಳಗ್ಗೆ ಪಕ್ಕದ ಚಾಮರಾಜನಗರದಲ್ಲಿ ಆಮ್ಲಜನಕ ಸಿಗದೆ ಜನ ಸತ್ತ ಸುದ್ದಿ ಬಂದಾಗ ನಮ್ಮನೆಯವರು ಆಸ್ಪತ್ರೆಯ ಗೇಟಿನ ಹೊರಗೆ ಕೂತಿದ್ದರು. ಫೋನಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಉಸಿರು ಕೇಳಿಸುತ್ತಿತ್ತು, ಅಷ್ಟೇ.

ಅತ್ತೆ ಬದುಕಿ ಬಂದರು. ಅದು ದೊಡ್ಡ ಪುಣ್ಯ, ಆ ತಿಂಗಳು ಎಷ್ಟೋ ಮನೆಗೆ ಸಿಗದ ಪುಣ್ಯ. ಆದರೆ ಶ್ವಾಸಕೋಶ ಮೊದಲಿನಂತಾಗಲಿಲ್ಲ. 34 ಮೆಟ್ಟಿಲಲ್ಲಿ ಎಂಟನೆಯದಕ್ಕೆ ಕೂತುಬಿಡುತ್ತಾರೆ. ಗುಣವಾದ ಮೇಲೆ ಮೂರು ತಿಂಗಳು ಕಾಯಬೇಕು ಅಂತ ನಿಯಮ ಬಂದು, ಮಾರ್ಚ್‌ನಲ್ಲಿ ಸಿಗಬೇಕಿದ್ದ ಡೋಸ್ ಆಗಸ್ಟ್‌ಗೆ ಸಿಕ್ಕಿತು. ನಮ್ಮನೆಯವರು ಇವತ್ತಿಗೂ ಆ ಚಪ್ಪಲಿಯ ದಿನದ ಬಗ್ಗೆ ಒಂದು ಮಾತು ಆಡಿಲ್ಲ. ಅತ್ತೆಯೂ ಅಷ್ಟೆ. ನಾನೇ ಒಮ್ಮೆ ಅವರ ಕಾಲ ಹತ್ತಿರ ಕೂತು ಹೇಳಿಕೊಂಡು ಅತ್ತುಬಿಟ್ಟೆ. "ಮಕ್ಕಳಿಗೆ ಸಮುದ್ರ ತೋರಿಸಬೇಕು ಅಂದ್ಯಲ್ಲಮ್ಮ, ತಪ್ಪೇನು" ಅಂದರು.

ನಿಮ್ಮ ಪ್ರಶ್ನೆ ಓದಿ ನಿನ್ನೆ ರಾತ್ರಿ ಮಕ್ಕಳಿಬ್ಬರನ್ನೂ ಕೇಳಿದೆ. ಲಾಕ್‌ಡೌನ್ ಬೇಸಿಗೆ ಅಂದರೆ ಏನು ನೆನಪು? ಮಗ ತಕ್ಷಣ "ರಾಯಚೂರಲ್ಲಿ ಕಾಲು ಸುಟ್ಟಿದ್ದು" ಅಂದ. ಮಗಳಿಗೆ ಜರಡಿಯ ಸೂರ್ಯ. ಮಲ್ಪೆ? ಮಾಸ್ಕ್ ಒದ್ದೆಯಾಗಿದ್ದು, ಘಾಟಿಯಲ್ಲಿ ವಾಂತಿ ಆಗಿದ್ದು.

ಹಾಗಾಗಿ ಕಾಶ್ಮೀರವೋ ಕೇರಳವೋ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಪ್ರಶ್ನೆಯ ಬುಡದಲ್ಲಿರುವ ಮಾತನ್ನೇ ನಾನು ಒಪ್ಪಲ್ಲ. ಮಗನ ಬೇಸಿಗೆ ಕಳೆದುಹೋಗಿದೆ ಅಂತ ನೀವು ಹೇಳುತ್ತಿದ್ದೀರಿ. ಅವನನ್ನು ಕೇಳಿದ್ದೀರಾ? ಇವತ್ತೇ ಕೇಳಿ. "ತುಂಬಿಕೊಡಬೇಕು" ಅನ್ನೋ ಆತುರಕ್ಕೆ ಮನೆಯಲ್ಲಿ ಯಾರದ್ದಾದರೂ ಅಗತ್ಯ ಹಿಂದೆ ಸರಿಯುತ್ತೆ. ಬಾಯಿಬಿಟ್ಟು ಕೇಳದವರದ್ದೇ ಮೊದಲು ಸರಿಯುತ್ತೆ.

ಮಾವನವರ ವಿಷಯಕ್ಕೆ ಬಂದರೆ, ಪೊರೆ ಆಪರೇಷನ್ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತೆ, ಅದೇ ದಿನ ಮನೆಗೆ ಕಳಿಸುತ್ತಾರೆ. ಆಮೇಲೆ ಕೆಲವು ವಾರ ಕಣ್ಣಿಗೆ ಡ್ರಾಪ್ಸ್, ನೀರು ಧೂಳು ತಾಗದ ಹಾಗೆ ಎಚ್ಚರ. ಪೊರೆ ಬಲಿತಷ್ಟೂ ಆಪರೇಷನ್ ಕಷ್ಟ. ಮಂಜು ಕಣ್ಣಿನಲ್ಲಿ ಗೊತ್ತಿಲ್ಲದ ಊರಿನ ಮೆಟ್ಟಿಲು ಇಳಿಯುವಾಗ ಬಿದ್ದು ಸೊಂಟ ಮುರಿದರೆ ಅದು ಇನ್ನೊಂದೇ ಕಥೆ. ದಸರಾ ರಜೆಗೆ ಹೋಗಿ. ಅಷ್ಟೊತ್ತಿಗೆ ಮಾವನವರಿಗೂ ಹಿಮವೋ ದೋಣಿಯೋ ಕಣ್ತುಂಬ ಕಾಣುತ್ತೆ ಅಲ್ವಾ? ರೂಮಿನ ಮುಂಗಡ ಹೋದರೆ ಹೋಗಲಿ.

ನಮ್ಮಲ್ಲಿ ಈಗಲೂ ಪ್ರತಿ ಏಪ್ರಿಲ್‌ನಲ್ಲಿ ಸಂಡಿಗೆ ಆಗುತ್ತೆ. ಗಂಜಿ ಹೊತ್ತು ಮಗ ಹತ್ತುತ್ತಾನೆ. ಅತ್ತೆ ಎಂಟನೇ ಮೆಟ್ಟಿಲ ಮೇಲೆ ಕೂತು, ಉಪ್ಪು ನೋಡೋಕೆ ಅಂಗೈ ಚಾಚುತ್ತಾರೆ.